ಅಕ್ಕನ ಗಾಂಧಾರ

ಮಗಳು ಮೂರನೆಯ ಸಲ ಅದೇ ಕೀ ಒತ್ತಿ ಕೈ ಹಿಂದಕ್ಕೆಳೆದುಕೊಂಡಳು.

"ಇದು ಅಪ್ಪನ ಗಾಂಧಾರ ಅಲ್ಲ. ಯಾರು ಮುಟ್ಟಿದ್ದು ಪಿಯಾನೊನ?"

ಪಕ್ಕದ ಕೋಣೆಯಲ್ಲಿ ಅಪ್ಪನನ್ನು ಮಲಗಿಸಿದ್ದರು. ನಾಲ್ಕಕ್ಕೆ ಸ್ಮಶಾನಕ್ಕೆ ಒಯ್ಯುವ ಗಾಡಿ ಬರುವುದಿತ್ತು, ಆಗ ಎರಡೂಕಾಲು. ಹೊರಡುವ ಮೊದಲು ಅವರ ಕೊನೆಯ ರಚನೆಯನ್ನು ಅವಳು ನುಡಿಸಬೇಕಿತ್ತು. ಅವರು ಕೇಳಿಕೊಂಡಿದ್ದು ಅದೊಂದನ್ನೇ.

ಮೂವತ್ತು ವರ್ಷ ಆ ಪಿಯಾನೊದ ಶ್ರುತಿ ನೋಡಿಕೊಂಡ ಅಪ್ಪನ ಗೆಳೆಯ ಬಾಗಿಲ ಬಳಿ ನಿಂತಿದ್ದ.

"ನಾನೇ ಕಣಮ್ಮ. ಬೆಳಿಗ್ಗೆ ಬಂದು ನೋಡಿದೆ, ಐದು ಸ್ವರ ಹದಗೆಟ್ಟಿತ್ತು. ಪಾಪ, ಕಾಯಿಲೇಲಿ ನೋಡ್ಕೊಳ್ಳೋಕೆ ಆಗಿಲ್ಲ ಅಂದ್ಕೊಂಡೆ. ಅವನಿಗೆ ಕೊನೇದಾಗಿ ನನ್ನ ಕೈಲಾದ್ದು ಅಂತ ಸರಿ ಮಾಡಿದೆ."

"ಸರಿ ಮಾಡಿದ್ರಾ ಮಾಮ! ಅದು ಹದಗೆಟ್ಟಿದ್ದಲ್ಲ, ಅಪ್ಪ ಬೇಕಂತಲೇ ಕೂರಿಸಿದ್ದು."

ಅವನ ಮುಖ ಇಳಿಯಿತು. "ಆರು ತಿಂಗಳ ಹಿಂದೆ ಫೋನಿನಲ್ಲಿ ಅಂದಿದ್ದ, 'ನೀನು ಬರಬೇಡ ಕಣಯ್ಯ, ಬಂದ್ರೆ ಸರಿ ಮಾಡಿಬಿಡ್ತೀಯ' ಅಂತ. ತಮಾಷೆ ಅಂದ್ಕೊಂಡಿದ್ದೆ."

ಅಳಿಯ ಗಡಿಯಾರ ನೋಡಿದ. "ಮಾವ ಎಲ್ಲ ಸ್ವರಗಳ ಕಂಪನ ಬರೆದಿಟ್ಟ ಪುಸ್ತಕ ಇದೆಯಲ್ಲ. ಅದನ್ನ ನೋಡ್ಕೊಂಡು ಮಾಡಿದ್ರಾಯ್ತು."

"ಅದರಲ್ಲಿರೋದು ಸರಾಸರಿ ಕಣ್ರೀ," ಎಂದಳು ಮಗಳು.

*

ಆ ಸರಾಸರಿಗಾಗಿ ಅಪ್ಪ ಹದಿನಾರು ವರ್ಷ ತಿರುಗಿದ್ದರು. ಇನ್ನೂರ ಹನ್ನೊಂದು ಗಾಯಕರ ಗಾಂಧಾರವನ್ನು ಅಳೆದು, ಕೂಡಿಸಿ, ಭಾಗಿಸಿ, ಪಿಯಾನೊಗೂ ಪಿಟೀಲುಗಳಿಗೂ ರಚನೆಗಳನ್ನು ಬರೆದರು. ಪಾಶ್ಚಾತ್ಯ ವಾದ್ಯದವರು ಅಪಶ್ರುತಿ ಎಂದರು. ನಮ್ಮ ಹಾಡುಗಾರರು ಜೀವವಿಲ್ಲ ಎಂದರು. ಅವರು ಮತ್ತೆ ಲೆಕ್ಕಕ್ಕೆ ಕುಳಿತಾಗ ಒಂದು ವಿಷಯ ಕಣ್ಣಿಗೆ ಬಿತ್ತು: ಆ ಸರಾಸರಿಯನ್ನು ಇನ್ನೂರ ಹನ್ನೊಂದು ಜನರಲ್ಲಿ ಒಬ್ಬರೂ ಹಾಡಿರಲಿಲ್ಲ.

ಅಂದು ಅವರ ಅಕ್ಕ ಒಗೆದ ಬಟ್ಟೆ ಮಡಿಸುತ್ತ ಗುನುಗುತ್ತಿದ್ದಳು. ಅವರು ಅವಳನ್ನು ಕರೆದು ಪಿಯಾನೊ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು.

"ತಲೆ ಕೆಟ್ಟಿದೆಯೇನೋ? ಎಪ್ಪತ್ತೆಂಟರ ಮುದುಕಿ ಗಂಟಲಿಗೆ ಪಿಯಾನೊ ಹೊಂದಿಸ್ತೀಯ?"

"ಸರಾಸರಿ ಯಾರ ಗಂಟಲಲ್ಲೂ ಇಲ್ಲ ಅಕ್ಕ. ಗಂಟಲಿನ ಹಾಗೆ ಪಿಯಾನೊ ಸ್ವರದಿಂದ ಸ್ವರಕ್ಕೆ ಜಾರಲಾರದು, ನಿಲ್ಲೋದಷ್ಟೇ ಗೊತ್ತು. ನಿಲ್ಲೋ ಜಾಗವಾದ್ರೂ ಒಬ್ಬರದ್ದಾಗಿರಲಿ."

ಐದು ದಿನ, ದಿನಕ್ಕೊಂದು ಸ್ವರ ತಾವೇ ಹೊಂದಿಸಿದರು. ಕೊನೆಯ ರಚನೆ ಹುಟ್ಟಿದ್ದು ಆ ವಾರದಲ್ಲಿ.

*

ಆ ಅಕ್ಕ, ಮಗಳ ದೊಡ್ಡತ್ತೆ, ಬೆಳಗಿನಿಂದ ತಮ್ಮನ ತಲೆಯ ಬಳಿ ಕುಳಿತಿದ್ದಳು. ನೀರೂ ಮುಟ್ಟಿರಲಿಲ್ಲ.

"ಅತ್ತೆ, ಸ್ವರಗಳು ಹೋಗಿವೆ. ನೀವು ಹಾಡಬೇಕು."

"ಇವತ್ತೇನೇ? ಅತ್ತೂ ಅತ್ತೂ ಗಂಟಲು ಕಟ್ಟಿದೆ."

"ಪಾಪ, ಅವರನ್ಯಾಕೆ ಹಿಂಸೆ ಮಾಡ್ತೀಯ?" ಅಳಿಯ ತಗ್ಗಿದ ದನಿಯಲ್ಲಿ ಹೇಳಿದ. "ಇದ್ದ ಹಾಗೇ ನುಡಿಸು. ಬಂದ ಜನಕ್ಕೆ ಅಷ್ಟು ವ್ಯತ್ಯಾಸ ಗೊತ್ತಾಗುತ್ತಾ?"

ಮುದುಕಿ ತಲೆಯೆತ್ತಿದಳು. "ಜನಕ್ಕೆ ಗೊತ್ತಾಗಲ್ಲಪ್ಪ. ನಂಗೆ ಗೊತ್ತಾಗುತ್ತಲ್ಲ." ತಮ್ಮನ ಮಗಳತ್ತ ಕೈ ಚಾಚಿದಳು. "ಹಿಡಿಯೇ, ಎಬ್ಬಿಸು. ಬಿಸಿನೀರು ತಾ."

ಪಿಯಾನೊ ಬಳಿ ಕುಳಿತು ಗೆಳೆಯನನ್ನು ನೋಡಿದಳು. "ಬಾರಯ್ಯ, ಸರಿ ಮಾಡಿದವನೇ. ಈಗ ಕೆಡಿಸು."

ಐದು ಸ್ವರ, ಎರಡು ಸ್ಥಾಯಿ, ಒಂದೊಂದು ಕೀಗೆ ಮೂರು ತಂತಿ. ಗೆಳೆಯ ಎರಡು ತಂತಿಗಳು ನುಡಿಯದಂತೆ ಬಟ್ಟೆ ಸಿಕ್ಕಿಸಿ ಮೂರನೆಯದರ ಬಿರಡೆ ಸಡಿಲಿಸಿದ. ದೊಡ್ಡತ್ತೆ ಷಡ್ಜ ಹಿಡಿದು ಮೇಲಕ್ಕೆ ಹೋದಳು. ದನಿ ಒಡೆಯಿತು. ಮತ್ತೆ ಷಡ್ಜದಿಂದ ಹೊರಟಳು.

"ಇಷ್ಟು ಸಾಕಾ ಅಕ್ಕ?"

"ಇನ್ನೂ ಇಳಿಸು. ಅಯ್ಯೋ, ಪಾತಾಳಕ್ಕಲ್ಲಯ್ಯಾ!"

ದನಿಗೂ ತಂತಿಗೂ ಹೊಂದದಾಗ ಎರಡರ ನಡುವೆ ಒಂದು ನಡುಕ ಕೇಳುತ್ತದೆ. ಗೆಳೆಯ ಅದನ್ನು ಎಣಿಸುತ್ತಿದ್ದ: ಸೆಕೆಂಡಿಗೆ ನಾಲ್ಕು, ಎರಡು, ಒಂದು. ನಡುಕ ನಿಂತಾಗ ಮುಂದಿನ ತಂತಿ. ಗಾಂಧಾರವನ್ನು ದೊಡ್ಡತ್ತೆ ಕೊನೆಗೆ ಉಳಿಸಿಕೊಂಡಳು, ಗಂಟಲು ಹದಕ್ಕೆ ಬರಲೆಂದು.

ನಾಲ್ಕು ಹೊಡೆದು ಹತ್ತು ನಿಮಿಷಕ್ಕೆ ಗಾಡಿಯ ಚಾಲಕ ಬಾಗಿಲಲ್ಲಿ ಇಣುಕಿದ. "ಸ್ವಾಮಿ, ಇನ್ನೊಂದು ಕಡೆ ಹೋಗೋದಿದೆ..."

ಅಳಿಯ ತುಟಿಯ ಮೇಲೆ ಬೆರಳಿಟ್ಟ. "ಇಂಜಿನ್ ಆರಿಸಿ ಬನ್ನಿ. ಅವರು ಹಾಡ್ತಿದ್ದಾರೆ."

ಐದಕ್ಕೆ ಹತ್ತು ನಿಮಿಷವಿದ್ದಾಗ ಗೆಳೆಯ ಕೊನೆಯ ಬಟ್ಟೆಯನ್ನು ಕಿತ್ತು ಹಿಂದೆ ಸರಿದ. ಮಗಳು ಕುಳಿತಳು. ರಚನೆ ಶುರುವಾಗುವುದೇ ಆ ಗಾಂಧಾರದಿಂದ. ಅವಳು ಒತ್ತಿ ಹಿಡಿದಳು. ದೊಡ್ಡತ್ತೆ ತಡೆಯಲಾರದೆ ಅದರೊಳಕ್ಕೆ ದನಿ ಸೇರಿಸಿದಳು. ಪಕ್ಕದ ಕೋಣೆಯಲ್ಲಿ ದೇಹ ಎತ್ತಲು ಬಗ್ಗಿದವರು ಹಾಗೇ ನಿಂತರು.

ಉಸಿರು ಸಾಲದೆ ಮುದುಕಿ ಬಾಯಿ ಮುಚ್ಚಿದಳು; ಮಗಳ ಬೆರಳು ಕೀ ಮೇಲೇ ಇತ್ತು. ಬಾಗಿಲಲ್ಲಿದ್ದ ಚಾಲಕ ಮುದುಕಿಯ ಮುಚ್ಚಿದ ತುಟಿಗಳನ್ನೇ ನೋಡಿದ. ಅವಳ ಸ್ವರ ಕೋಣೆಯಲ್ಲಿ ಇನ್ನೂ ಕೇಳಿಸುತ್ತಿತ್ತು.