ನಡುವಿನಿಂದ ಹೇಳು

ಆಸ್ಪತ್ರೆಯ ಲಾಂಡ್ರಿಯಲ್ಲಿ ಹದಿನೇಳು ವರ್ಷ ನಿಂತೇ ಇಸ್ತ್ರಿ ಮಾಡಿದ ಸೊಸೆಗೆ ಈಗ ಮಂಡಿ ಮಡಚಿದರೆ ಬಿಡಿಸಲಾಗದು, ಬಿಡಿಸಿದರೆ ಮಡಚಲಾಗದು. ಅಲ್ಲೇ ಸ್ಟೋರ್ ಗುಮಾಸ್ತೆಯ ಕೆಲಸವೊಂದು ಖಾಲಿಯಿತ್ತು. ಕುರ್ಚಿಯ ಕೆಲಸ. ಅದಕ್ಕೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ವಯಸ್ಸಿನ ಮಿತಿ ನೋಡಿದರೆ ಇದೇ ಕೊನೆಯ ಸಲ. ನಿಲ್ಲುವ ಕೆಲಸ ಇನ್ನು ಬಿಡಲೇಬೇಕೆಂದು ಡಾಕ್ಟರು ಹೇಳಿಯಾಗಿತ್ತು.

ಪರೀಕ್ಷೆಗೆ ಎರಡೇ ದಿನ. ಕುಕ್ಕರ್ ಕೂಗುವಷ್ಟರಲ್ಲಿ ಅವಳು ಕ್ರಿಯಾಪದಗಳ ಮೂರು ಮೂರು ರೂಪಗಳನ್ನೂ ಒಪ್ಪಿಸುತ್ತಿದ್ದಳು. "ಬಿಗಿನ್, ಬಿಗ್ಯಾನ್, ಬಿಗನ್, ಬ್ರೇಕ್, ಬ್ರೋಕ್, ಬ್ರೋಕನ್..." ರಾಗ ಹಾಕಿಕೊಟ್ಟದ್ದು ಅತ್ತೆ. ಅವರಿಗೆ ಇಂಗ್ಲಿಷಿನ ಗಂಧಗಾಳಿ ಇಲ್ಲ. ಆದರೆ ಪದ್ಯ ಕೇಳಿ ಕೇಳಿ ಬಲಿತ ಕಿವಿ. ಒಂದು ಪದ ಜಾರಿದರೂ ಸೊಪ್ಪು ಬಿಡಿಸುವ ಕೈ ನಿಂತುಬಿಡುತ್ತಿತ್ತು.

"ಎಲ್ಲೋ ಒಂದು ಕಾಲು ಕುಂಟಿತು, ನೋಡು."

ನಿಜ. ಡ್ರಿಂಕ್ ಬಿಟ್ಟುಹೋಗಿತ್ತು.

ಕಾಲೇಜಿನಿಂದ ಬಂದ ನಾದಿನಿ ಚಪ್ಪಲಿ ಬಿಡುತ್ತಲೇ ಕೇಳಿದಳು: "ಅತ್ತಿಗೆ, ಟೀಚ್?"

ಸೊಸೆಯ ತುಟಿ ಅಲುಗಿತು. ಬಿಗಿನ್, ಬ್ರೇಕ್, ಬ್ರಿಂಗ್... ನಾದಿನಿ ಕೈಗಡಿಯಾರ ನೋಡಿದಳು.

"ಅಯ್ಯೋ, ಪ್ರತಿ ಸಲ ಮೊದಲಿಂದ ಹೊರಟು ಬರ್ತಿದ್ದೀರಾ? ಒಂದಕ್ಕೇ ಅರ್ಧ ನಿಮಿಷ ಆಯ್ತು! ಅಲ್ಲಿ ಐವತ್ತು ಪ್ರಶ್ನೆಗೆ ಹತ್ತು ನಿಮಿಷ ಕೊಡೋದು."

ಅತ್ತೆಯ ಮುಖ ಸಣ್ಣಗಾಯಿತು. "ನಮಗೆ ಕಲಿಸಿದ್ದೂ ಹಾಗೇ ಕಣೆ. ನಡುವೆ ಕೇಳಿದ್ರೆ ನಾನೂ ಪದ್ಯದ ತಲೆಯಿಂದಲೇ ಬರಬೇಕು."

ಮರುದಿನ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಅತ್ತೆ ಬಚ್ಚಲ ಬಾಗಿಲು ಬಡಿದು "ಟೀಚ್!" ಅನ್ನುವರು. ತುತ್ತು ಬಾಯಿಗಿಡುವಾಗ "ಬ್ರಿಂಗ್!"

"ಊಟ ಮಾಡಕ್ಕೆ ಬಿಡ್ತೀರಾ ಇಲ್ವಾ ಅತ್ತೆ?"

"ಮಾಡು. ಹೇಳ್ತಾ ಮಾಡು."

ಸಂಜೆ 'ಇಫ್' ಪಾಠ. ನಾದಿನಿ ಬೆರಳು ಮಡಚಿದಳು. "ಒಂದು, ಆಗಬಹುದಾದದ್ದು. ಇನ್ನೊಂದು, ಆಗದ ಮಾತು. ಅತ್ತೆಗೆ ಮೀಸೆ ಬಂದ್ರೆ ಚಿಕ್ಕಪ್ಪ ಅಂತಾರಲ್ಲ, ಆ ಥರ."

"ನಿಮ್ಮ ಪರೀಕ್ಷೆಗೆ ನನ್ನ ಮೀಸೆ ಯಾಕ್ರೇ?" ಅತ್ತೆ ಮೇಲ್ದುಟಿ ಸವರಿಕೊಂಡರು. ಮೂವರೂ ನಕ್ಕರು. ಸೊಸೆಯ ನಗು ಬೇಗ ನಿಂತಿತು.

ಪರೀಕ್ಷೆಯ ದಿನ ಕೆಲವು ಪದಗಳು ಕರೆದ ಕೂಡಲೇ ಬಂದವು. ಕೆಲವಕ್ಕೆ ಮತ್ತೆ ಬಿಗಿನ್‌ನಿಂದಲೇ ಓಡಬೇಕಾಯಿತು. ಗಂಟೆ ಹೊಡೆದಾಗ ಹದಿಮೂರು ಜಾಗ ಖಾಲಿ. ಇನ್ನು ಬಾಯಿಪರೀಕ್ಷೆಯೇ ಗತಿ.

"ಇಫ್ ಬಳಸಿ ಒಂದು ವಾಕ್ಯ ಹೇಳಿ," ಎಂದಳು ಪರೀಕ್ಷಕಿ. "ಪುಸ್ತಕದ್ದು ಬೇಡ, ನಿಮ್ಮದು."

ಪುಸ್ತಕದ ಇಪ್ಪತ್ತು ವಾಕ್ಯಗಳೂ ಸಾಲುಗಟ್ಟಿ ನಾಲಗೆಯ ತುದಿಗೆ ಬಂದು ನಿಂತವು. ಯಾವುದೂ ತನ್ನದಲ್ಲ. ಮಂಡಿ ಚಳುಕ್ ಎಂದಿತು. ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ಇಫ್ ಐ ಗೆಟ್ ದಿಸ್ ಜಾಬ್, ಐ ವಿಲ್ ಸಿಟ್."

ಪರೀಕ್ಷಕಿ ತಲೆಯೆತ್ತಿದಳು. ಸಿಗದಿದ್ದರೆ ಎಂದು ಇಂಗ್ಲಿಷಿನಲ್ಲೇ ಕೇಳಿದಳು.

"ಇಫ್ ಐ ಡೋಂಟ್ ಗೆಟ್ ಇಟ್, ಐ ವಿಲ್ ಗೋ ಹೋಮ್."

ಪರೀಕ್ಷಕಿ ಏನೋ ಬರೆದುಕೊಂಡಳು. ಏನೆಂದು ಮುಖ ನೋಡಿ ತಿಳಿಯುವಂತಿರಲಿಲ್ಲ. ನಾಲ್ಕು ದಿನ ಸೊಸೆಗೆ ಕೂತರೆ ಕೂರಲಾಗಲಿಲ್ಲ. ಐದನೆಯ ದಿನ ಪಟ್ಟಿ ಅಂಟಿಸಿದರು. ಎರಡು ಅಂಕದಿಂದ ಪಾಸು.

ಸೋಮವಾರ ಸ್ಟೋರಿನಲ್ಲಿ ಕುರ್ಚಿ, ಮೇಜು, ಹೊದಿಕೆಗಳ ರಿಜಿಸ್ಟರು. ಹನ್ನೊಂದು ಗಂಟೆಯೊಳಗೆ ಅವಳು ನಾಲ್ಕು ಸಲ ಎದ್ದಳು. ಒಮ್ಮೆ ಕಿಟಕಿಗೆ, ಒಮ್ಮೆ ಬಾಗಿಲಿಗೆ, ಎರಡು ಸಲ ಸುಮ್ಮನೆ. ಪಕ್ಕದ ಮೇಜಿನ ಹಿರಿಯ ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ.

"ಏನಮ್ಮಾ, ಕುರ್ಚೀಲಿ ಮುಳ್ಳಿದೆಯಾ? ಕೂತ್ಕೊಳ್ರೀ."

"ಕೂತೇ ಇದ್ದೀನಲ್ಲ ಸಾರ್," ಎಂದಳು ಅವಳು, ಎರಡೂ ಕೈ ಮೇಜಿಗೆ ಊರಿ ನಿಂತುಕೊಂಡು.