ಸಾಲು ಮುಗಿದಲ್ಲಿ ಉಸಿರು

ಇಂದ್ರವ್ವನಿಗೆ ಓದು ಬಾರದು. ಆದರೆ ಓದಿಸಿಕೊಂಡು ಕೇಳುವ ಹುಚ್ಚು ಅವಳಿಗೆ ಹಿಡಿದದ್ದು ಬಾಗಲಕೋಟೆಯ ನವನಗರದ ದವಾಖಾನೆಯಲ್ಲಿ, ಡಯಾಲಿಸಿಸ್ ಮಷೀನಿನ ಪಕ್ಕದ ಮಂಚದ ಮೇಲೆ. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಮಂಗಳವಾರ ಒಮ್ಮೆ, ಶುಕ್ರವಾರ ಒಮ್ಮೆ, ಶಿರೂರಿನಿಂದ ಬಸ್ಸು ಹತ್ತಿ ಬಂದು ಆ ಮಂಚದ ಮೇಲೆ ಮಧ್ಯಾಹ್ನದವರೆಗೆ ಮಲಗಬೇಕಾಗಿತ್ತು. ಎಡಗೈಯಲ್ಲಿ ಎರಡು ದಪ್ಪ ಸೂಜಿ. ಕೈ ಅಲುಗಾಡಿಸುವಂತಿಲ್ಲ, ಹೊರಳುವಂತಿಲ್ಲ. ಮನೆಯಲ್ಲಿದ್ದರೆ ಬಾಯಿ ಒಣಗಿದಾಗೊಮ್ಮೆ ಒಂದು ಗುಟುಕು ನೀರು, ಅದಕ್ಕಿಂತ ಹೆಚ್ಚು ಕುಡಿದರೆ ಆ ನೀರು ಹೋಗಲು ದಾರಿಯಿಲ್ಲ, ಎದೆಗೇ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು.

ಜೊತೆಗೆ ಬರುತ್ತಿದ್ದವಳು ಮಗಳು ರಾಧಿಕಾ ಒಬ್ಬಳೇ. ಗಂಡ ದುರಗಪ್ಪ ಇಳಕಲ್ಲಿನಲ್ಲಿ ಗ್ರಾನೈಟ್ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸಕ್ಕಿದ್ದ, ವಾರದ ಕೊನೆಗೆ ಮನೆಗೆ ಬರುತ್ತಿದ್ದ. ರಾಧಿಕಾ ಪಿಯುಸಿ ಎರಡನೇ ವರ್ಷ. ಆ ಎರಡು ದಿನಗಳ ಪಾಠವೆಲ್ಲ ಅವಳಿಗೆ ತಪ್ಪುತ್ತಿತ್ತು. ಉಳಿದ ದಿನಗಳಲ್ಲೂ ರೊಟ್ಟಿ ಬಡಿದು, ಅವ್ವನಿಗೆ ಉಪ್ಪಿಲ್ಲದ ಪಲ್ಯ ಬೇರೆ ಪಾತ್ರೆಯಲ್ಲಿ ಮಾಡಿಟ್ಟು, ಓಡುತ್ತ ಹೋಗಿ ಕೊನೆಯ ಬೆಂಚಿನಲ್ಲಿ ಕೂತರೆ ನಿದ್ದೆ ಬರುತ್ತಿತ್ತು. ಕನ್ನಡ ಕಲಿಸುವ ಪದ್ಮಶ್ರೀ ಮೇಡಂ ಅದನ್ನು ನೋಡಿದ್ದರು. ಬೈಯಲಿಲ್ಲ. ಒಂದು ದಿನ ಕರೆದು ತೆಳುವಾದ ಪುಸ್ತಕವೊಂದನ್ನು ಕೈಗಿತ್ತರು.

“ಇದು ಕಾದಂಬರೀನ, ಆದ್ರ ಪೂರಾ ಪದ್ಯದಾಗ ಐತಿ. ಸಾಲು ಸಣ್ಣ ಸಣ್ಣವು. ಮಷೀನಿನ ಕಡೆ ಒಂದು ಕಣ್ಣಿಟ್ಟು ಓದಬಹುದು ನೋಡು. ನಿನ್ನ ವಾರಗಿ ಹುಡುಗೀದ ಕತಿ.”

ದವಾಖಾನೆಯಲ್ಲಿ ರಾಧಿಕಾ ಅದನ್ನು ತೆರೆದ ಮೊದಲ ದಿನವೇ ಇಂದ್ರವ್ವ ಕೇಳಿದಳು, “ಒಬ್ಬಾಕಿನ ಏನು ಓದ್ತಿ, ಬಾಯಿ ಬಿಟ್ಟು ಓದವಾ. ನನಗೂ ಹೊತ್ತು ಹೋಗ್ಲಿ.”

ಕತೆ ಮಾಯಾ ಎಂಬ ಹುಡುಗಿಯದು. ಇಟ್ಟಿಗೆ ಭಟ್ಟಿಯ ಪಕ್ಕದ ಗುಡಿಸಲು, ಹಾಸಿಗೆ ಹಿಡಿದ ತಾಯಿ, ಬಿಟ್ಟುಹೋದ ಶಾಲೆ. ಎಲ್ಲವನ್ನೂ ಮಾಯಾ ತಾನೇ ಹೇಳುತ್ತಾಳೆ.

ಅವ್ವನ ಕೆಮ್ಮು
ಗೋಡೆ ದಾಟಿ ಬರುತ್ತದೆ.
ನಾನು ಲೆಕ್ಕದ ಪುಸ್ತಕ ತೆರೆದು
ಕೆಮ್ಮು ಎಣಿಸುತ್ತೇನೆ.

ಇಂದ್ರವ್ವ ಕಣ್ಣು ಮುಚ್ಚಿ ಕೇಳಿದಳು. “ಇನ್ನೊಮ್ಮೆ ಓದು” ಅಂದಳು. ಅಲ್ಲಿಂದ ಮುಂದೆ ಮಾಯಾ ಅವರ ಮನೆಯವಳಂತಾದಳು. ಬಸ್ಸಿನಲ್ಲಿ ಇಂದ್ರವ್ವ ಅವಳ ಸುದ್ದಿಯನ್ನೇ ತೆಗೆಯುವಳು. ಭಟ್ಟಿಯ ಮಾಲೀಕನನ್ನು ಬೈಯುವಳು, ಮಾಯಾ ಒಂದು ದಿನ ಉಪವಾಸ ಮಲಗಿದಳೆಂದು ತಾನೂ ಅರ್ಧ ರೊಟ್ಟಿ ಬಿಡುವಳು. ಸೂಜಿ ಚುಚ್ಚುವ ಪ್ರವೀಣಕುಮಾರ ಕೂಡ, “ಎಲ್ಲಿಗೆ ಬಂತ್ರಿ ನಿಮ್ಮ ಮಾಯಾನ ಕತಿ?” ಎಂದು ವಿಚಾರಿಸುತ್ತಿದ್ದ. ಅವ್ವನ ಮುಖದಲ್ಲಿ ಅಷ್ಟು ಜೀವ ಕಂಡು ಎಷ್ಟೋ ತಿಂಗಳಾಗಿತ್ತು. ರಾಧಿಕಾ ಮುಂದಿನ ಪುಟಗಳನ್ನು ತಾನೊಬ್ಬಳೇ ಓದಿಕೊಳ್ಳದೆ ಅವ್ವನಿಗೆಂದೇ ಉಳಿಸುತ್ತಿದ್ದಳು.

ಹಾಗಾಗಿ ಮಾಯಾಳ ತಾಯಿ ಸಾಯುತ್ತಾಳೆಂಬುದು ಅವಳಿಗೂ ಮೊದಲೇ ಗೊತ್ತಿರಲಿಲ್ಲ.

ಆ ಪುಟ ಬಂದದ್ದು ಫೆಬ್ರುವರಿಯ ಒಂದು ಮಂಗಳವಾರ. ರಾಧಿಕಾಳ ದನಿ ಸಣ್ಣದಾಯಿತು. ಪುಸ್ತಕ ಮುಚ್ಚಲು ಹೋದಳು. ಇಂದ್ರವ್ವ ಬಿಡಲಿಲ್ಲ. “ಓದು. ಮುಂದ ಆ ಹುಡುಗಿ ಗತಿ ಏನಾತು?”

ಮುಂದೆ ಮಾಯಾ ಹಾಸ್ಟೆಲ್ ಸೇರಿದಳು. ಹೊಟ್ಟೆ ತುಂಬ ಉಂಡಳು, ಕಿಟಕಿಯ ಬದಿಗೆ ಕೂತು ಓದಿದಳು, ತರಗತಿಗೇ ಮೊದಲು ಬಂದಳು.

ಅವ್ವ ಹೋದ ಮೇಲೆ
ನನ್ನ ಕೈ ಖಾಲಿಯಾದವು.
ಖಾಲಿ ಕೈಗೆ
ಯಾರೋ ಪೆನ್ನು ಕೊಟ್ಟರು.

ಬಸ್ಸಿನಲ್ಲಿ ಇಂದ್ರವ್ವ ಕಿಟಕಿಗೆ ತಲೆ ಆನಿಸಿ ಕೂತಳು. ಶಿರೂರು ಹತ್ತಿರ ಬಂದಾಗ ಕೇಳಿದಳು, “ಹಾಸ್ಟೆಲ್ಲಾಗ ಊಟ ಚೊಲೋ ಇರ್ತೈತೇನು?”

“ಇರ್ತೈತಂತ.”

“ಅವ್ವ ಬದುಕಿದ್ರ ಆಕಿ ಹೋಗ್ತಿದ್ದಿಲ್ಲ, ಅಲ್ಲ?”

ರಾಧಿಕಾ ಆಗ ಇಳಿಯಲು ಚೀಲ, ಡಬ್ಬಿ ಕೂಡಿಸಿಕೊಳ್ಳುತ್ತಿದ್ದಳು. “ಹೆಂಗ ಹೋಗ್ತಾಳ ಯವ್ವಾ. ಅವ್ವನ್ನ ನೋಡಾವ್ರು ಯಾರು?” ಅಂದುಬಿಟ್ಟಳು.

ಶುಕ್ರವಾರ ಬೆಳಿಗ್ಗೆ ರಾಧಿಕಾ ಡಬ್ಬಿ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿ ನಿಂತರೂ ಇಂದ್ರವ್ವ ಹಾಸಿಗೆಯಿಂದ ಏಳಲಿಲ್ಲ.

“ಏಳು ಯವ್ವಾ, ಬಸ್ ಬರೂ ಹೊತ್ತಾತು.”

“ನಾ ಬರಂಗಿಲ್ಲ.”

“ಹೊಟ್ಟಿ ಕೆಟ್ಟೈತೇನು?”

“ಏನೂ ಕೆಟ್ಟಿಲ್ಲ. ಇವತ್ತೂ ಬರಂಗಿಲ್ಲ, ಮುಂದೂ ಬರಂಗಿಲ್ಲ. ನೀ ಕಾಲೇಜಿಗೆ ಹೋಗು.”

ರಾಧಿಕಾ ಮೊದಲು ನಕ್ಕಳು. ಆಮೇಲೆ ಅವ್ವನ ಮುಖ ನೋಡಿ ನಗು ನಿಂತಿತು. ರಮಿಸಿದಳು, ಸಿಟ್ಟು ಮಾಡಿದಳು, ಕಾಲು ಹಿಡಿದಳು. ಬಸ್ಸು ಬಂದು ಹೋಯಿತು. ಇಳಕಲ್ಲಿಗೆ ಫೋನು ಹಚ್ಚಿದಳು. ಕಲ್ಲು ತಿಕ್ಕುವ ಮಷೀನಿನ ಸದ್ದಿನ ನಡುವೆ ದುರಗಪ್ಪ, “ಆಕೀಗೆ ಫೋನ್ ಕೊಡು” ಎಂದು ಕೂಗಿದ. ಇಂದ್ರವ್ವ ಫೋನು ಕಿವಿಗೆ ಹಿಡಿಯಲಿಲ್ಲ. ಮಗ್ಗುಲ ಮನೆಯ ಕಾಸಿಂಬಿ ಬಂದು ಬುದ್ಧಿ ಹೇಳಿದಳು. ಇಂದ್ರವ್ವ ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡಳು. ಕಾಸಿಂಬಿ ಹೋದ ಮೇಲೆ ನಿಧಾನಕ್ಕೆ ಎದ್ದು, ಅಡುಗೆಮನೆಗೆ ನಡೆದು, ಕೊಡದಿಂದ ಚೊಂಬಿನ ತುಂಬ ನೀರು ತುಂಬಿಕೊಂಡಳು.

“ಬ್ಯಾಡ ಯವ್ವಾ” ಎಂದು ರಾಧಿಕಾ ಅಡ್ಡ ಬಂದಳು.

ಇಂದ್ರವ್ವ ಒಂದು ಕೈಯಿಂದ ಅವಳನ್ನು ಸರಿಸಿ ಚೊಂಬು ಎತ್ತಿದಳು. ಗಂಟಲು ಮೇಲೆ ಕೆಳಗೆ ಆಡುತ್ತಿತ್ತು. ನೀರು ಗದ್ದದಿಂದ ಇಳಿದು ಕುಪ್ಪಸ ತೋಯಿಸಿತು. ಪೂರ್ತಿ ಕುಡಿದು ಚೊಂಬು ಕೆಳಗಿಟ್ಟಳು. ಅವಳ ಮುಖದಲ್ಲಿದ್ದ ಸಮಾಧಾನ ಕಂಡು ರಾಧಿಕಾ ತಡೆಯಲು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಅದು ಹಟವಲ್ಲ, ಎಲ್ಲ ತೀರ್ಮಾನ ಮಾಡಿ ಮುಗಿಸಿದವಳ ಮುಖ ಅದು.

“ಆ ಪುಸ್ತಕದಾಗಿನ ಅವ್ವ ಶಾಣ್ಯಾಕಿ,” ಅಂದಳು ಇಂದ್ರವ್ವ. “ಹೊತ್ತಿಗೆ ಸರಿಯಾಗಿ ಹೋದ್ಲು. ಮಗಳಿಗೆ ದಾರಿ ಬಿಟ್ಲು.”

ಆಗ ರಾಧಿಕಾಳಿಗೆ ಎಲ್ಲ ಅರ್ಥವಾಯಿತು. ತನ್ನ ಬಾಯಿಂದಲೇ, ಸಾಲು ಸಾಲಾಗಿ, ತಾನೇ ಅದನ್ನು ಅವ್ವನ ಕಿವಿಗೆ ಹಾಕಿದ್ದಳು.

ಶನಿವಾರಕ್ಕೆ ಕಾಲು ಬಾತವು. ಭಾನುವಾರ ಬೆಳಗಾಗುವಷ್ಟರಲ್ಲಿ ಇಂದ್ರವ್ವನಿಗೆ ಮಲಗಲು ಆಗುತ್ತಿರಲಿಲ್ಲ. ಮಲಗಿದರೆ ಉಸಿರು ಹಿಡಿಯುತ್ತಿತ್ತು. ಗೋಡೆಗೆ ದಿಂಬು ಕೊಟ್ಟು ಕೂತಿದ್ದಳು, ಕಣ್ಣ ಸುತ್ತ ಬಾವು ಬಂದು ಮುಖ ಬೇರೆ ಯಾರದೋ ಆಗಿತ್ತು. ಕಲ್ಲಿನ ಲೋಡು ಹೊರಡುವವರೆಗೆ ರಜೆ ಸಿಗದ ದುರಗಪ್ಪ ಬಸ್ಸಿನಲ್ಲಿದ್ದೇನೆ, ಹುನಗುಂದ ದಾಟಿದ್ದೇನೆ ಎಂದು ಫೋನು ಮಾಡಿದ್ದ.

“ಅದನ್ನ ಓದು,” ಅಂದಳು ಇಂದ್ರವ್ವ. “ಮುಗಿಸಿಬಿಡು.”

ರಾಧಿಕಾ ಪುಸ್ತಕ ತೆರೆದಳು. ಪುಟದಲ್ಲಿ ಮಾಯಾ ಸರ್ಕಾರಿ ನೌಕರಿಯ ಮೊದಲ ದಿನ ಹೊಸ ಚಪ್ಪಲಿ ಹಾಕಿಕೊಂಡು ಆಫೀಸಿನ ಮೆಟ್ಟಿಲು ಹತ್ತುತ್ತಿದ್ದಳು. ರಾಧಿಕಾ ಅದನ್ನು ಓದಲಿಲ್ಲ. ಅಕ್ಷರಗಳ ಮೇಲೆ ಕಣ್ಣಿಟ್ಟು ಬಾಯಿಗೆ ಬಂದದ್ದನ್ನು ಹೇಳತೊಡಗಿದಳು. ನನಗೆ ಹಾಸ್ಟೆಲ್ಲಿನಲ್ಲಿ ನಿದ್ದೆ ಬರಲಿಲ್ಲ ಓದು ತಲೆಗೆ ಹತ್ತಲಿಲ್ಲ ಪರೀಕ್ಷೆಯಲ್ಲಿ ಫೇಲಾದೆ ಹಾಸ್ಟೆಲ್ ಬಿಟ್ಟು ಓಡಿಬಂದೆ ಅವ್ವಾ ಅವ್ವಾ ಎಂದು ಊರೂರು ತಿರುಗಿದೆ ಯಾರೂ ನನ್ನನ್ನು ಒಳಗೆ ಕರೆಯಲಿಲ್ಲ. ಹೇಳುತ್ತ ಹೇಳುತ್ತ ಅವಳಿಗೇ ಅಳು ಬಂತು.

ಇಂದ್ರವ್ವ ಕೈ ಎತ್ತಿ ತಡೆದಳು.

“ಇದು ಪುಸ್ತಕದಾಗ ಇಲ್ಲ.”

“ಐತಿ ಯವ್ವಾ. ಇಲ್ಲಿ ನೋಡು.”

“ನನಗ ಅಕ್ಷರ ಬರಂಗಿಲ್ಲ, ಖರೆ. ಕಿವಿ ಅದಾವ. ಖರೇನ ಓದುವಾಗ ನೀ ಸಾಲು ಮುಗದಲ್ಲೆ ಉಸಿರು ತಗೊಂತಿದ್ದಿ. ಈಗ ತಗೊಳಾಕತ್ತಿಲ್ಲ.” ಇಷ್ಟು ಹೇಳಲು ಅವಳಿಗೇ ನಾಲ್ಕು ಸಲ ಉಸಿರು ಬೇಕಾಯಿತು. “ಆಕಿ ಚೊಲೋ ಅದಾಳಿಲ್ಲ? ಅಷ್ಟು ಹೇಳು.”

ರಾಧಿಕಾ ಸುಳ್ಳು ಹೇಳಲಾರದೆ ಹೋದಳು. “ಚೊಲೋ ಅದಾಳ.”

“ಸಾಕು.”

“ಏನು ಸಾಕು?” ರಾಧಿಕಾ ಪುಸ್ತಕ ಕೆಳಗಿಟ್ಟಳು. “ಮಾಯಾನ್ನ ಯಾರೋ ಬರದಾರ ಯವ್ವಾ. ಆಕಿ ಅವ್ವನ್ನ ಸಾಯಿಸಿದ್ದೂ ಅವರ, ಆಕೀಗೆ ನೌಕರಿ ಕೊಟ್ಟದ್ದೂ ಅವರ. ನನಗ ಯಾರು ಬರೀತಾರ? ನಾಳೆ ನೀ ಹೋದ್ರ ನನ್ನ ಕೈಯಾಗ ಯಾರೂ ಪೆನ್ನು ಕೊಡಂಗಿಲ್ಲ. ನಾ ಓದಿ ಓದಿ ನಮ್ಮವ್ವನ್ನ ಕೊಂದೆ ಅನ್ನೂದೊಂದ ನನ್ನ ಕೈಯಾಗ ಉಳಿತೈತಿ. ಮುಂದ ಯಾವ ಪುಸ್ತಕ ಮುಟ್ಟಲಿ ನಾ?”

ಇಂದ್ರವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅವಳ ಎದೆಯಿಂದ ಗೊರಗೊರ ಸದ್ದು ಬರತೊಡಗಿತು, ತುಟಿ ನೀಲಿಯಾಯಿತು. ರಾಧಿಕಾ ಹೊರಗೋಡಿ ಕಾಸಿಂಬಿಯ ಬಾಗಿಲು ಬಡಿದಳು. ಕಾಸಿಂಬಿಯ ಗಂಡ ಇಬ್ರಾಹಿಂಸಾಬ ಟಂಟಂ ಆಟೋ ಹೊಡೆಯುವವನು. ಉಣ್ಣುತ್ತಿದ್ದವನು ಹಾಗೇ ಎದ್ದು ಬಂದ.

ಮೂವರೂ ಸೇರಿ ಎತ್ತಿದರು. ಹೊಸ್ತಿಲಿಗೆ ಬಂದಾಗ ಇಂದ್ರವ್ವ ಬಾಗಿಲ ಚೌಕಟ್ಟು ಹಿಡಿದಳು. ಮಾತಿಲ್ಲ, ಬರೀ ಹಿಡಿತ. ಎಲ್ಲಿತ್ತೋ ಆ ಬಲ. ಇಬ್ರಾಹಿಂಸಾಬ ಅಳುಕಿ ನಿಂತ. “ಒಲ್ಲೆ ಅಂತಾಳಲ್ಲವಾ” ಅಂದ.

“ನಾ ಒಯ್ತೇನಿ ಕಾಕಾ” ಅಂದಳು ರಾಧಿಕಾ. ಅವ್ವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕಿರುಬೆರಳು ಬಿಡಿಸುವಾಗ ಇಂದ್ರವ್ವ ಮಗಳ ಕಣ್ಣನ್ನೇ ನೋಡುತ್ತಿದ್ದಳು. ರಾಧಿಕಾ ಕಣ್ಣು ತಪ್ಪಿಸಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ.

ದಾರಿಯುದ್ದಕ್ಕೂ ಅವ್ವನನ್ನು ಎದೆಗಾನಿಸಿ ನೆಟ್ಟಗೆ ಕೂರಿಸಿಕೊಂಡಿದ್ದಳು. ಅವ್ವನ ಉಸಿರು ಒಳಗೆ ಹೋದರೆ ಹೊರಗೆ ಬರುವವರೆಗೆ ಮಗಳಿಗೆ ಜೀವದಲ್ಲಿ ಜೀವವಿರುತ್ತಿರಲಿಲ್ಲ. ದವಾಖಾನೆಯಲ್ಲಿ ಆಕ್ಸಿಜನ್ ಹಚ್ಚಿದರು. ಇನ್ನೊಂದು ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ರಜೆಯ ಮೇಲಿದ್ದ ಪ್ರವೀಣಕುಮಾರನನ್ನು ಮನೆಯಿಂದ ಕರೆಸಿ ಮಷೀನು ಹಚ್ಚಿಸಿದರು. ದುರಗಪ್ಪ ಬಂದಾಗ ರಾಧಿಕಾ ಹೊರಗಿನ ಬೆಂಚಿನ ಮೇಲಿದ್ದಳು. ಅವನ ತಲೆಗೂದಲಲ್ಲಿ ಇನ್ನೂ ಕಲ್ಲಿನ ಪುಡಿಯಿತ್ತು. ಮಗಳ ಪಕ್ಕ ಕೂತು, ಅಂಗೈಯಿಂದ ಮುಖ ಒರೆಸಿಕೊಂಡು ಅಳತೊಡಗಿದ.

ಇಂದ್ರವ್ವ ಉಳಿದಳು. ಆದರೆ ಮಗಳೊಂದಿಗೆ ಮಾತು ಬಿಟ್ಟಳು. ಮಂಗಳವಾರ ಬಸ್ಸು ಹತ್ತು ಎಂದರೆ ಹತ್ತುವಳು, ಕೈ ಚಾಚು ಎಂದರೆ ಚಾಚುವಳು. ಕಣ್ಣು ಮಾತ್ರ ಮಷೀನಿನ ಕಡೆ. ರಾಧಿಕಾಳಿಗೆ ಅವಳನ್ನು ಒಂದು ಗಳಿಗೆ ಬಿಟ್ಟಿರಲೂ ಅಂಜಿಕೆ. ನೀರಿನ ಕೊಡವನ್ನು ಕಾಸಿಂಬಿಯ ಮನೆಯಲ್ಲಿಟ್ಟಳು. ಪುಸ್ತಕವನ್ನು ಪದ್ಮಶ್ರೀ ಮೇಡಂಗೆ ಮರಳಿಸಿದಳು. “ಹೆಂಗಿತ್ತು?” ಎಂದು ಅವರು ಕೇಳಿದರೆ, “ಚೊಲೋ ಇತ್ರಿ” ಎಂದಷ್ಟೇ ಹೇಳಿ ಬಂದಳು. ಮಾರ್ಚಿನ ಪರೀಕ್ಷೆಯಲ್ಲಿ ಇತಿಹಾಸದ ಪೇಪರು ಶುಕ್ರವಾರ ಬಿತ್ತು. ರಾಧಿಕಾ ಪರೀಕ್ಷೆಗೆ ಹೋಗಲಿಲ್ಲ, ಅವ್ವನ ಜೊತೆ ದವಾಖಾನೆಗೆ ಹೋದಳು. ಆ ಒಂದು ವಿಷಯ ಹೋಯಿತು.

ಫಲಿತಾಂಶ ಬಂದ ಮೇಲೆ ಒಂದು ಶುಕ್ರವಾರ, ಸೂಜಿ ಚುಚ್ಚಿ ಪ್ರವೀಣಕುಮಾರ ಆಚೆ ಹೋದಾಗ, ಇಂದ್ರವ್ವ ತಾನಾಗಿಯೇ ಬಾಯಿ ತೆರೆದಳು.

“ಅವತ್ತು ನನ್ನ ಬೆರಳು ಮುರಿಯೂವಂಗ ಬಿಡಿಸಿದಿ. ಭಾಳ ನೋವಾತು.”

“ಆಗ್ಲಿ” ಅಂದಳು ರಾಧಿಕಾ.

ಇಂದ್ರವ್ವ ಬಲಗೈಯಿಂದ ಹೊದಿಕೆ ಎಳೆದುಕೊಂಡಳು. “ಇನ್ನೊಮ್ಮೆ ಪರೀಕ್ಷೆ ಇಡ್ತಾರಂತಲ್ಲ. ಯಾವಾಗ?”

“ಮುಂದಿನ ತಿಂಗಳು. ಅದೂ ದವಾಖಾನಿ ದಿನಾನ, ಮಂಗಳವಾರ ಬರ್ತೈತಿ.”

“ನೀ ಅಲ್ಲಿಗೆ ಹೋಗು. ನಾ ಕಾಸಿಂಬಿ ಜೋಡಿ ಇಲ್ಲಿಗೆ ಬರ್ತೇನಿ.”

ರಾಧಿಕಾ ಅವ್ವನ ಮುಖವನ್ನೇ ದಿಟ್ಟಿಸಿದಳು. ಚೊಂಬು ಕೆಳಗಿಟ್ಟ ದಿನದ ಆ ಸಮಾಧಾನ ಅಲ್ಲಿರಲಿಲ್ಲ, ದಣಿವಿತ್ತು. ನಂಬಬೇಕೋ ಬೇಡವೋ ತಿಳಿಯಲಿಲ್ಲ.

ನವನಗರದ ಕಾಲೇಜೊಂದರ ಪರೀಕ್ಷೆಯ ಕೋಣೆಯಲ್ಲಿ ಮೊದಲ ಅರ್ಧ ತಾಸು ಅವಳಿಗೆ ಪ್ರಶ್ನೆಗಳೇ ಕಾಣಲಿಲ್ಲ. ಅವ್ವ ಮನೆಯ ಹೊಸ್ತಿಲಲ್ಲೇ ಕೂತಂತೆ, ಕಾಸಿಂಬಿಯನ್ನು ಏನೋ ನೆಪ ಹೇಳಿ ಕಳಿಸಿದಂತೆ ಕಣ್ಣಿಗೆ ಕಟ್ಟುತ್ತಿತ್ತು. ಆಮೇಲೆ ಹೇಗೋ ಬರೆದಳು, ಉತ್ತರಪತ್ರಿಕೆ ಕೊಟ್ಟವಳೇ ಬಿಸಿಲಲ್ಲಿ ಓಡಿದಳು. ದವಾಖಾನೆಯ ಮೆಟ್ಟಿಲಲ್ಲಿ ಕಾಲು ಎಡವಿತು. ಮಂಚಗಳ ಸಾಲಿನಲ್ಲಿ ಮೊದಲನೆಯದು ಯಾರದೋ, ಎರಡನೆಯದು ಯಾರದೋ. ಬಾಗಿಲಿಗೆ ಕೈಯೂರಿ ನಿಂತುಬಿಟ್ಟಳು.

ಕೊನೆಯ ಮಂಚದಿಂದ ಇಂದ್ರವ್ವ ಅವಳನ್ನು ನೋಡುತ್ತಿದ್ದಳು. ಪಕ್ಕದ ಸ್ಟೂಲಿನ ಮೇಲೆ ಕಾಸಿಂಬಿ ತೂಕಡಿಸುತ್ತಿದ್ದಳು. ರಾಧಿಕಾ ಹತ್ತಿರ ಹೋಗಿ ಮಂಚದ ಕಬ್ಬಿಣ ಹಿಡಿದುಕೊಂಡಳು.

“ಬರದಿಯೇನು?” ಅಂದಳು ಇಂದ್ರವ್ವ.

“ಬರದೆ.”

“ಕುಂದ್ರು. ಇನ್ನೂ ಒಂದು ತಾಸು ಐತಿ.”