ಗುಬ್ಬಿಗಳ ತಟ್ಟೆ ಖಾಲಿಯಿದ್ದ ತಿಂಗಳು

ಮೂರನೇ ಗುಬ್ಬಿ ಸತ್ತ ದಿನ ನಾನು ಕಂಡಕ್ಟರ್ ಮಾಮನ ಕಾಲರ್ ಹಿಡಿದೆ.

ಹಿಡಿಯಬಾರದಿತ್ತು, ಗೊತ್ತು. ಪಕ್ಕದ ಮನೆಯ ಹಿರಿಯರು. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು, ಈಗ ಗುಲಾಬಿ ಗಿಡಗಳ ನಡುವೆ ನೆಮ್ಮದಿಯಾಗಿದ್ದವರು. ಆದರೆ ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಗಿಡಕ್ಕೆ ಔಷಧಿ ಹೊಡೆಯುವ ಪಂಪಿತ್ತು, ನನ್ನ ಕೈಯಲ್ಲಿ ಸತ್ತ ಗುಬ್ಬಿಯಿತ್ತು. ಎರಡನ್ನೂ ಕೂಡಿಸಿ ಉತ್ತರ ಹೇಳಲು ನಾನು ಓದಿದ ಒಂಬತ್ತನೇ ಕ್ಲಾಸೇ ಜಾಸ್ತಿ ಅನ್ನಿಸಿತು.

"ವಿಷ ಹೊಡೆದಿದ್ದು ನೀವೇ ಅಲ್ವಾ?"

"ಮೊದಲು ಕಾಲರ್ ಬಿಡೋ ಬೆಂಕಿಪೊಟ್ಟಣ. ಈಗ ತಾನೇ ಇಸ್ತ್ರಿ ಮಾಡಿದ ಶರ್ಟು."

"ಮೊದಲು ಹೇಳಿ."

"ಇದು ಬರೀ ಸೋಪಿನ ನೀರು. ಮೊಗ್ಗಿಗೆಲ್ಲ ಹೇನು ಹತ್ತಿದೆ, ಅದಕ್ಕೆ." ಪಂಪಿನ ಮೂತಿಯನ್ನು ತಮ್ಮ ಅಂಗೈಗೆ ಹಿಡಿದು ಚಿಮ್ಮಿಸಿಕೊಂಡರು, ನಾಲಿಗೆಯಿಂದ ನೆಕ್ಕಿದರು, ಮುಖ ಹಿಂಡಿಕೊಂಡರು. "ನೋಡಿದ್ಯಾ? ಸತ್ತೆನಾ? ನಡಿ, ಪ್ರಾಣಿ ಆಸ್ಪತ್ರೆಗೆ ಹೋಗೋಣ. ಡಾಕ್ಟರು ವಿಷ ಅಂದ್ರೆ ಕಾಲರ್ ಏನು, ಕತ್ತನ್ನೇ ಹಿಡ್ಕೋ."

ಬೆಂಕಿಪೊಟ್ಟಣ ಅನ್ನುವುದು ನನಗೆ ತಗಡಿನ ಕೆಲಸ ಕಲಿಸಿದ ಮೇಸ್ತ್ರಿ ವರ್ಕ್‌ಶಾಪಿನಲ್ಲಿ ಕಟ್ಟಿದ ಹೆಸರು. ಬೀದಿಯವರು ಅದನ್ನು ಪುಕ್ಕಟೆ ಎತ್ತಿಕೊಂಡರು. ಸಿಟ್ಟು ನನಗೆ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅವತ್ತಿನ ಸಿಟ್ಟು ನನ್ನದಾಗಿರಲಿಲ್ಲ, ದೊಡ್ಡಮ್ಮನ ಪರವಾಗಿ ಬಂದದ್ದು.

ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ. ಆರು ವರ್ಷದವನಿದ್ದಾಗಿನಿಂದ ನನ್ನನ್ನು ಸಾಕಿದವಳು. ಟೈಲರ್. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗದೇ ಹೋದ ಮೇಲೆ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ, ಹಿತ್ತಲ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡಳು. ದೂರದ್ದು ಚೆನ್ನಾಗಿಯೇ ಕಾಣುತ್ತದೆ ಅವಳಿಗೆ. ಕಿಟಕಿಯಾಚೆ ಕಂಬಿಗೆ ತೂಗುಹಾಕಿದ ತಗಡಿನ ತಟ್ಟೆ, ತಟ್ಟೆಯ ತುಂಬ ಕಾಳು, ಕಾಳಿನ ಸುತ್ತ ಇಪ್ಪತ್ತು ಮೂವತ್ತು ಗುಬ್ಬಿ. ಎಲ್ಲಕ್ಕೂ ಹೊಲಿಗೆ ಅಂಗಡಿಯ ಹೆಸರು: ಕಾಜಾ, ಲೈನಿಂಗ್, ಅರ್ಧತೋಳು. ಎದೆಯ ಮೇಲೆ ದುಂಡಗೆ ಕಪ್ಪು ಮಚ್ಚೆಯಿದ್ದ ಒಂದು ಗಂಡುಗುಬ್ಬಿಯ ಹೆಸರು ಗುಂಡಿ. ಅವನು ಕಿಟಕಿಯ ಕಟ್ಟೆಗೇ ಬಂದು ಅವಳ ಬೆರಳಿನ ಹತ್ತಿರದಿಂದ ಕಾಳು ಹೆಕ್ಕುತ್ತಿದ್ದ. ನಾನು ಕೆಲಸದಿಂದ ಬಂದಾಗ ನನ್ನ ಊಟದ ವಿಚಾರಕ್ಕಿಂತ ಮೊದಲು ಅವನ ಊಟದ ವಿಚಾರ ಹೇಳುತ್ತಿದ್ದಳು.

ಎರಡು ವಾರದಿಂದ ಗುಬ್ಬಿಗಳಿಗೆ ಏನೋ ಆಗಿತ್ತು. ಪುಕ್ಕ ಉಬ್ಬಿಸಿಕೊಂಡು ಉಣ್ಣೆಯ ಚೆಂಡಿನಂತೆ ತಟ್ಟೆಯ ಅಂಚಿನಲ್ಲಿ ಕೂರುವುದು, ಕಾಳು ಬಾಯಿಗೆ ಹಾಕಿಕೊಂಡು ನುಂಗಲಾಗದೆ ಉಗುಳುವುದು, ಹತ್ತಿರ ಹೋದರೂ ಹಾರದಿರುವುದು. ಮೊದಲು ಅರ್ಧತೋಳು ಹೋಯಿತು, ಆಮೇಲೆ ಲೈನಿಂಗ್. ಈಗ ಮೂರನೆಯದು.

"ನನ್ನ ಗುಂಡಿ ಹೋದ್ರೆ ನಾನು ಈ ಕಿಟಕಿ ಮುಚ್ಚಿಬಿಡ್ತೀನಿ" ಎಂದಳು ದೊಡ್ಡಮ್ಮ ಅವತ್ತು ಬೆಳಿಗ್ಗೆ. ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಅಳದೆ ಹೇಳಿದಳು. ಅದಕ್ಕೇ ಕಾಲರ್.

ಪ್ರಾಣಿ ಆಸ್ಪತ್ರೆಯ ಡಾಕ್ಟರಮ್ಮನಿಗೆ ನನಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು, ದನಿ ಮಾತ್ರ ಹೆಡ್‌ಮಾಸ್ಟರದು. "ಬರಿಗೈಯಲ್ಲಿ ಹಿಡ್ಕೊಂಡು ಬಂದ್ರಾ? ಅಲ್ಲಿ ನಲ್ಲಿ ಇದೆ. ಸೋಪು ಹಚ್ಚಿ ತೊಳ್ಕೊಳ್ಳಿ. ಮೊಣಕೈ ತನಕ."

ತೊಳೆದುಕೊಂಡು ಬರುವಷ್ಟರಲ್ಲಿ ಗ್ಲೌಸ್ ಹಾಕಿದ ಕೈಯಲ್ಲಿ ಗುಬ್ಬಿಯ ಕೊಕ್ಕು ಬಿಡಿಸಿ ಗಂಟಲಿಗೆ ಟಾರ್ಚ್ ಬಿಟ್ಟಿದ್ದರು. "ಪರೀಕ್ಷೆಗೆ ಕಳಿಸ್ತೀನಿ. ಆದರೆ ವಿಷದ ಹಾಗೆ ಕಾಣಲ್ಲ. ಗಂಟಲಿನ ರೋಗ ಇರಬೇಕು. ಕಾಳು ಎಲ್ಲಿ ಹಾಕ್ತೀರಿ?"

ನಾನು ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಆ ತಟ್ಟೆಯ ಫೋಟೋ ನನ್ನ ಫೋನಿನಲ್ಲಿ ಯಾವಾಗಲೂ ಇರುತ್ತದೆ. "ನಾನೇ ಮಾಡಿದ್ದು" ಎಂದೆ, ಕೇಳದಿದ್ದರೂ.

ಅವರು ಫೋಟೋ ಹಿಗ್ಗಿಸಿ ನೋಡಿದರು. "ಚೆನ್ನಾಗಿದೆ. ಮಳೆ ಬಂದ್ರೆ ನೀರು ಎಲ್ಲಿಂದ ಹೋಗುತ್ತೆ?"

ನಾನು ಫೋನನ್ನು ನನ್ನ ಕಡೆ ತಿರುಗಿಸಿಕೊಂಡು ತಟ್ಟೆಯಲ್ಲಿ ತೂತು ಹುಡುಕಿದೆ.

"ಕೊನೇ ಸಲ ತೊಳೆದಿದ್ದು ಯಾವಾಗ?"

ಕಂಡಕ್ಟರ್ ಮಾಮ ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡತೊಡಗಿದರು.

"ನೋಡಿ, ರೋಗ ಬಂದ ಹಕ್ಕಿಯ ಎಂಜಲು, ಹಿಕ್ಕೆ ಎಲ್ಲ ಆ ತಟ್ಟೇಲೇ ಬೀಳುತ್ತೆ. ಒದ್ದೆ ಕಾಳಿನಲ್ಲಿ ಅದು ಒಣಗಲ್ಲ. ಚೆನ್ನಾಗಿರೋದು ಬಂದು ಅಲ್ಲೇ ಬಾಯಿ ಹಾಕುತ್ತೆ. ಇವತ್ತೇ ಇಳಿಸಿ. ಕಡೇಪಕ್ಷ ಒಂದು ತಿಂಗಳು ಕಾಳು ಬೇಡ, ನೀರಿನ ಬಟ್ಟಲೂ ಬೇಡ. ಗುಂಪು ಚೆದುರಿ ಹೋಗಲಿ."

"ಹಸಿದು ಸಾಯಲ್ವಾ?"

"ನೀವು ತಟ್ಟೆ ಮಾಡೋಕೆ ಮೊದಲು ಗುಬ್ಬಿಗಳು ಇರಲಿಲ್ವಾ?"

ವಾಪಸು ಬರುವಾಗ ದಾರಿಯುದ್ದಕ್ಕೂ ಕಂಡಕ್ಟರ್ ಮಾಮ ನನ್ನನ್ನು ಬೈಯಲೇ ಇಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ಅವರ ಗೇಟಿನ ಮುಂದೆ ನಿಂತು ಒಮ್ಮೆ ಕಾಲರ್ ಸರಿಮಾಡಿಕೊಂಡರು, ನನ್ನ ಮುಖ ನೋಡಿದರು, ಕಾದರು. ತಪ್ಪಾಯಿತು ಅನ್ನುವ ಒಂದು ಮಾತು ನನ್ನ ಹಲ್ಲಿನ ಹಿಂದೆಯೇ ಇತ್ತು. ಹೊರಗೆ ಬರಲಿಲ್ಲ. ಅವರು ಒಳಗೆ ಹೋದರು.

ಆ ತಟ್ಟೆಯ ಕಥೆ ಹೇಳಬೇಕು. ಸ್ಕೂಲಿನಲ್ಲಿ ಒಬ್ಬ ಮೇಷ್ಟ್ರು ನಾಲ್ಕು ಜನರೆದುರು ನನ್ನನ್ನು ದಂಡಪಿಂಡ ಅಂದರು, ನಾನು ಕಿಟಕಿಯ ಗಾಜಿಗೆ ಗುದ್ದಿ ಹೊರಗೆ ಬಂದೆ, ತಿರುಗಿ ಹೋಗಲಿಲ್ಲ. ನೆಂಟರೆಲ್ಲ ಬಂದು ಬುದ್ಧಿ ಹೇಳಿ ಹೋದರು. ದೊಡ್ಡಮ್ಮ ಮಾತ್ರ ಕೈಗೆ ಬ್ಯಾಂಡೇಜ್ ಸುತ್ತಿ ಮೇಸ್ತ್ರಿಯ ಹತ್ತಿರ ಕರೆದುಕೊಂಡು ಹೋದಳು. ಮೇಸ್ತ್ರಿಯ ಪರೀಕ್ಷೆ ಒಂದೇ. ತುಂಡು ತಗಡಿನಲ್ಲಿ ಒಂದು ತಟ್ಟೆ ಮಾಡು, ನಾಲ್ಕು ಮೂಲೆಗೂ ಬೆಸುಗೆ ಹಾಕು. ಅವರು ಅದರಲ್ಲಿ ನೀರು ತುಂಬಿ, ಕೆಳಗೆ ಪತ್ರಿಕೆ ಹಾಸಿ, ಒಂದು ದಿನ ಬಿಡುತ್ತಾರೆ. ಪತ್ರಿಕೆ ಒಣಗಿದ್ದರೆ ನೀನು ಕೆಲಸಗಾರ. ನನ್ನ ಪತ್ರಿಕೆ ಗರಿಗರಿಯಾಗಿತ್ತು. ಜೀವನದಲ್ಲಿ ನಾನು ಪಾಸಾದ ಪರೀಕ್ಷೆ ಅದೊಂದೇ, ಅದನ್ನು ದೊಡ್ಡಮ್ಮ ಗುಬ್ಬಿಗಳಿಗೆ ತೂಗುಹಾಕಿದಳು. ಒಂದು ಹನಿಯೂ ಸೋರದ ತಟ್ಟೆ.

ಇನ್ನು ದೊಡ್ಡಮ್ಮನ ನೇಮ. ನಮ್ಮ ಮನೆಯಲ್ಲಿ ಯಾರ ತಟ್ಟೆಯೂ ಖಾಲಿಯಾಗುವಂತಿಲ್ಲ. ನಾನು ಅವಳ ಮನೆಗೆ ಬಂದ ಮೊದಲ ದಿನ, ಖಾಲಿ ತಟ್ಟೆ ನೆಕ್ಕುತ್ತಾ ಕೂತಿದ್ದೆನಂತೆ. ಅವತ್ತಿನಿಂದ ತಳ ಕಾಣುವ ಮೊದಲೇ ಬಡಿಸುತ್ತಾಳೆ. ಸಾಕು ಅಂದರೆ ಅವಳ ಕಿವಿಗೆ ಬೀಳುವುದಿಲ್ಲ. ಗುಬ್ಬಿಗಳಿಗೂ ಅದೇ ನೇಮ. ಹಳೆಯದರ ಮೇಲೆ ಹೊಸದು, ಅದರ ಮೇಲೆ ಇನ್ನೊಂದು ಹಿಡಿ. ಐದು ವರ್ಷದಲ್ಲಿ ಆ ತಟ್ಟೆಯ ತಳವನ್ನು ಯಾರೂ ನೋಡಿರಲಿಲ್ಲ.

ಡಾಕ್ಟರು ಹೇಳಿದ್ದನ್ನು ತಿಳಿಸಿ ನಾನು ತಟ್ಟೆ ಇಳಿಸಲು ಹೋದಾಗ ಅವಳು ಕೋಲೂರಿಕೊಂಡು ಹಿತ್ತಲಿಗೇ ಬಂದಳು.

"ಮುಟ್ಟಬೇಡ. ತಟ್ಟೆ ಖಾಲಿ ಇಡೋದಾ, ನನ್ನ ಮನೇಲಿ? ಆ ಡಾಕ್ಟರಿಗೆ ಮಕ್ಕಳುಮರಿ ಇಲ್ವೇನೋ."

"ದೊಡ್ಡಮ್ಮ, ತಪ್ಪು ತಟ್ಟೇದು. ನೀರು ನಿಲ್ಲುತ್ತೆ."

"ನೀನು ಮಾಡಿದ್ದರಲ್ಲಿ ತಪ್ಪಿರಲ್ಲ. ಯಾರಂದಿದ್ದು ತಪ್ಪು ಅಂತ? ಕರ್ಕೊಂಡು ಬಾ ಇಲ್ಲಿ."

ಇನ್ನೇನು ಹೇಳಲಿ? ತಟ್ಟೆಯನ್ನು ಇಳಿಸಿ ನೆಲದ ಮೇಲೆ ಬೋರಲು ಹಾಕಿದೆ. ಮೇಲಿನ ಕಾಳು ಚೆಲ್ಲಿತು. ಕೆಳಗಿನದು ಬೀಳಲಿಲ್ಲ. ತಳಕ್ಕೆ ಎರಡು ಬಾರಿ ಗುದ್ದಿದ ಮೇಲೆ ಹೆಂಚಿನಷ್ಟು ದಪ್ಪದ ಕರಿ ಗಟ್ಟಿ ಹೊರಗೆ ಬಿತ್ತು. ಬಿಳಿ ಬೂಸ್ಟು, ಹಿಕ್ಕೆ, ಸತ್ತ ಮೊಳಕೆ. ವಾಸನೆಗೆ ಇಬ್ಬರೂ ಮೂಗು ಮುಚ್ಚಿಕೊಂಡೆವು.

ದೊಡ್ಡಮ್ಮ ಕೋಲಿನ ತುದಿಯಿಂದ ಅದನ್ನು ಕೆದಕಿ ನೋಡಿದಳು. "ಇದನ್ನಾ ನಾನು ಅವಕ್ಕೆ ಇಕ್ಕಿದ್ದು?"

"ಇಬ್ಬರೂ ಸೇರಿ ಇಕ್ಕಿದ್ದು."

ಸಿಟ್ಟು ಮಾಡಿಕೊಳ್ಳಲು ಎದುರಿಗೆ ಯಾರಾದರೂ ಇರಬೇಕು. ಅವತ್ತು ಯಾರೂ ಇರಲಿಲ್ಲ. ಗಟ್ಟಿಯನ್ನೂ ಕಾಳನ್ನೂ ಚೀಲಕ್ಕೆ ತುಂಬಿ ಕಟ್ಟಿದೆ, ಗ್ಲೌಸ್ ಹಾಕಿಕೊಂಡು ತಟ್ಟೆ ಉಜ್ಜಿದೆ, ಬ್ಲೀಚಿಂಗ್ ನೀರಿನಲ್ಲಿ ನೆನೆಸಿ, ತೊಳೆದು ಬಿಸಿಲಿಗಿಟ್ಟೆ. ಮಾರನೇ ಬೆಳಿಗ್ಗೆ ಗುಂಡಿ ಕಿಟಕಿಯ ಕಟ್ಟೆಗೆ ಬಂದ. ಬೆರಳು ನೋಡಿದ, ದೊಡ್ಡಮ್ಮನ ಮುಖ ನೋಡಿದ, ನಾಲ್ಕು ಸಲ ಕೂಗಿದ. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಮೂರನೇ ದಿನ ಅವನು ಬರಲಿಲ್ಲ.

ವರ್ಕ್‌ಶಾಪಿನಲ್ಲಿ ಹೊಸ ತಟ್ಟೆಗೆ ಕೈಹಾಕಿದೆ. ತಳಕ್ಕೆ ಜಾಲರಿ, ತೊಳೆಯಲು ಬಿಡಿಸಿ ತೆಗೆಯುವ ಹಾಗೆ. ಮೇಸ್ತ್ರಿ ಕನ್ನಡಕ ಏರಿಸಿ ನೋಡಿದರು. "ಸೋರದ ಹಾಗೆ ಮಾಡೋದನ್ನ ಕಲಿಸೋಕೆ ನನ್ನ ಅರ್ಧ ಆಯಸ್ಸು ಹೋಯ್ತು. ಈಗ ಸೋರೋ ಹಾಗೆ ಮಾಡ್ತಾ ಕೂತಿದ್ದೀಯಾ?"

"ಗುಬ್ಬಿಗೆ, ಮೇಸ್ತ್ರಿ."

"ಹಾಗಾದರೆ ಜಾಲರಿ ಅಂಚು ಮಡಚು. ಕಾಲಿಗೆ ತರಚುತ್ತೆ."

ಮೂರು ವಾರ ದಾಟಿತು. ದೊಡ್ಡಮ್ಮನ ಮಾತು ಕಡಿಮೆಯಾಯಿತು. ಒಂದು ಮಧ್ಯಾಹ್ನ ನಾನು ಬೇಗ ಮನೆಗೆ ಬಂದರೆ, ಅವಳು ಹಿತ್ತಲಲ್ಲಿ ಖಾಲಿ ಕಂಬಿಯ ಕೆಳಗೆ ನಿಂತಿದ್ದಾಳೆ, ಮುಷ್ಟಿಯಲ್ಲಿ ಕಾಳು.

"ಒಂದೇ ಹಿಡಿ ಅಷ್ಟೇ" ಎಂದಳು, ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನಂತೆ. "ಬೇಡ ಅಂದ್ರೆ ಬೇಡ. ಅವನು ಸತ್ತನೋ ಬದುಕಿದಾನೋ, ಅದೊಂದು ಗೊತ್ತಾದ್ರೆ ಸಾಕಿತ್ತು."

ಕೂಗಬೇಕೆಂದು ತೆರೆದ ಬಾಯಿಯನ್ನು ಮುಚ್ಚಿಕೊಂಡೆ. ಅವಳ ಮುಷ್ಟಿ ಬಿಡಿಸಿ ಕಾಳನ್ನು ನನ್ನ ಜೇಬಿಗೆ ಹಾಕಿಕೊಂಡೆ. ನೇರ ಪಕ್ಕದ ಮನೆಗೆ ಹೋಗಿ ಗೇಟು ಬಡಿದೆ. ಗುಬ್ಬಿಗಳು ಎಲ್ಲಿ ಹೋದವು ಎಂದು ಕೇಳಬಹುದಾದ ಮನುಷ್ಯ ನಮ್ಮ ಬೀದಿಯಲ್ಲಿ ಅವರೊಬ್ಬರೇ. ಇಡೀ ದಿನ ತೋಟದಲ್ಲೇ ಇರುತ್ತಾರೆ.

"ಮಾಮ, ಅವತ್ತು ಕಾಲರ್ ಹಿಡಿದೆ. ತಪ್ಪಾಯ್ತು."

"ಕೇಳಿಸಲಿಲ್ಲ."

"ತಪ್ಪಾಯ್ತು ಅಂದೆ!"

"ಹಾಗೆ ಕಿರುಚಿದ್ರೆ ಅದು ಕ್ಷಮೆ ಕೇಳೋದಾ, ಜಗಳಕ್ಕೆ ಕರೆಯೋದಾ?" ಗೇಟು ತೆಗೆದರು. "ಇಪ್ಪತ್ನಾಲ್ಕು ದಿನ ಬೇಕಾಯ್ತಲ್ಲೋ, ನಮ್ಮ ಬಸ್ಸಿಗಿಂತ ಲೇಟು ನೀನು. ಬಾ ಒಳಗೆ. ಸದ್ದು ಮಾಡಬೇಡ."

ಗೋಡೆಯಾಚೆ, ನಮ್ಮ ಕಿಟಕಿಗೆ ಕಾಣದ ಮೂಲೆಯಲ್ಲಿ ಗುಲಾಬಿ ಗಿಡಗಳ ಸಾಲು. ಗಿಡಕ್ಕೆ ಒಂದೆರಡರಂತೆ ಗುಬ್ಬಿಗಳು ಮೊಗ್ಗಿನಿಂದ ಹೇನು ಹೆಕ್ಕುತ್ತಿದ್ದವು. ಒಂದೂ ಪುಕ್ಕ ಉಬ್ಬಿಸಿಕೊಂಡು ಕೂತಿರಲಿಲ್ಲ. ಮೂರನೇ ಗಿಡದಲ್ಲಿ, ಎದೆಯ ಮೇಲೆ ದುಂಡು ಮಚ್ಚೆ.

"ಇವನೊಬ್ಬನೇ ಅರ್ಧ ತೋಟ ಸ್ವಚ್ಛ ಮಾಡಿದಾನೆ. ಮೂರು ವಾರದಿಂದ ಪಂಪು ಮುಟ್ಟಿಲ್ಲ ನಾನು" ಎಂದರು ಪಿಸುದನಿಯಲ್ಲಿ.

"ನಮಗೆ ಮೊದಲೇ ಹೇಳೋದಲ್ವಾ! ದೊಡ್ಡಮ್ಮ ಅಲ್ಲಿ..."

"ನೀನು ಬಂದು ಕೇಳಲಿ ಅಂತ ಹಟ ಹಿಡಿದು ಕೂತಿದ್ದೆ." ಕಂಡಕ್ಟರ್ ಮಾಮ ತಲೆ ತಗ್ಗಿಸಿದರು. "ಆಯಮ್ಮನ ಬಗ್ಗೆ ಯೋಚನೆ ಮಾಡಲಿಲ್ಲ. ಅದು ನನ್ನ ತಪ್ಪು. ಹೋಗು, ಕರ್ಕೊಂಡು ಬಾ. ನಾನು ಕುರ್ಚಿ ಹಾಕ್ತೀನಿ."

ದೊಡ್ಡಮ್ಮನ ಮಂಡಿಗೆ ಆ ಇಪ್ಪತ್ತು ಹೆಜ್ಜೆ ದೂರ. ನನ್ನ ತೋಳು ಹಿಡಿದು ಬಂದು ಕೂತಳು, ನೋಡಿದಳು. "ಲೋ ಗುಂಡಿ" ಎಂದಳು, ಅಷ್ಟೇ. ಆಮೇಲೆ ಕಂಡಕ್ಟರ್ ಮಾಮನ ಕಡೆ ತಿರುಗಿ, ಕಾಲರ್ ಹಿಡಿಯಲು ಈಗ ತನ್ನ ಸರದಿ ಅನ್ನುವಂತೆ ಒಂದು ನೋಟ ಕೊಟ್ಟಳು. ಅವರು ಚಹಾ ತರುವ ನೆಪದಲ್ಲಿ ಒಳಗೆ ಓಡಿದರು.

ತಿಂಗಳು ಮುಗಿದ ಮೇಲೆ ಹೊಸ ತಟ್ಟೆಯನ್ನು ಹಿತ್ತಲಿನ ಇನ್ನೊಂದು ಮೂಲೆಗೆ ಕಟ್ಟಿದೆವು. ಭಾನುವಾರ ಭಾನುವಾರ ತೊಳೆಯುವುದು ನಾನು, ಹೊರಗಿನ ನಲ್ಲಿಯಲ್ಲಿ, ಅದಕ್ಕೇ ಬೇರೆ ಬ್ರಷ್ಷು. ಹಳೆಯ ತಟ್ಟೆ ಮನೆಯೊಳಗಿದೆ, ದೊಡ್ಡಮ್ಮನ ಅಂಗಿ ಗುಂಡಿ, ಕತ್ತರಿ, ದಾರದುಂಡೆಗಳನ್ನು ಇಡಲು. ಡಾಕ್ಟರು ಹೇಳಿದ ಅಳತೆ ದಿನಕ್ಕೆ ಒಂದು ಹಿಡಿ. ದೊಡ್ಡಮ್ಮನ ಹಿಡಿ ನನ್ನದಕ್ಕಿಂತ ದೊಡ್ಡದು, ಅದನ್ನು ನಾನು ನೋಡಿಯೂ ನೋಡದಂತಿರುತ್ತೇನೆ.

ಮೊದಲ ದಿನ ಹನ್ನೊಂದು ಗಂಟೆಗೇ ಕಾಳು ಮುಗಿಯಿತು. ಗುಂಡಿ ಖಾಲಿ ಜಾಲರಿಯನ್ನು ಕುಟ್ಟಿದ, ಕಿಟಕಿಯ ಕಟ್ಟೆಗೆ ಬಂದು ಕೂಗಿದ. ದೊಡ್ಡಮ್ಮನ ಕೈ ಡಬ್ಬಿಯ ತನಕ ಹೋಯಿತು, ಮುಚ್ಚಳದ ಮೇಲೆ ನಿಂತಿತು.

"ಇಲ್ಲಪ್ಪ. ನಾಳೆ ಬಾ" ಎಂದಳು. ಕಣ್ಣು ತುಂಬಿತ್ತು.

ಅವನು ಇನ್ನೆರಡು ಸಲ ಬೈದು, ಗೋಡೆ ಹಾರಿದ. ಆ ಕಡೆಯಿಂದ ಕಂಡಕ್ಟರ್ ಮಾಮನ ಕೂಗು ಕೇಳಿಸಿತು. "ಬಾರೋ, ಬಾ, ಒಳಗೆ ಜಾಗ ಇದೆ!"